ಡೂಮ್ ತೆರೆದಿಟ್ಟ ಬಾಗಿಲು

1993ರ ಡಿಸೆಂಬರ್ 9ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕದ ಸೆನೆಟರ್‌ಗಳು ವಿಡಿಯೊ ಗೇಮ್‌ಗಳ ಬಗ್ಗೆ ವಿಚಾರಣೆ ನಡೆಸಿದರು. ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಅದರ ಮುಂದಾಳುಗಳು. ‘ಮಾರ್ಟಲ್ ಕಾಂಬ್ಯಾಟ್’, ‘ನೈಟ್ ಟ್ರ್ಯಾಪ್’ ಆಟಗಳ ದೃಶ್ಯಗಳನ್ನು ಮುಂದಿಟ್ಟು, ಇಂಥವನ್ನು ಮಕ್ಕಳ ಕೈಗೆ ಕೊಡುವುದು ಸರಿಯೇ ಎಂದು ಕಂಪನಿಗಳನ್ನು ತರಾಟೆಗೆ ತೆಗೆದುಕೊಂಡರು. ಮರುದಿನ, ಡಿಸೆಂಬರ್ 10ರಂದು, ಟೆಕ್ಸಾಸ್ ರಾಜ್ಯದ ಡಲ್ಲಾಸ್ ಪಕ್ಕದ ಮೆಸ್ಕೀಟ್ ಎಂಬ ಊರಿನಲ್ಲಿ ಇಡ್ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿಯ ಹುಡುಗರು ತಮ್ಮ ಹೊಸ ಆಟವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಫ್‌ಟಿಪಿ ಸರ್ವರಿಗೆ ಹಾಕಲು ಕೂತರು. ಆದರೆ ಒಳಗೆ ಹೋಗಲು ಜಾಗವೇ ಇರಲಿಲ್ಲ. ಆಟಕ್ಕಾಗಿ ಕಾಯುತ್ತಿದ್ದವರೇ ಸರ್ವರ್ ತುಂಬಿಕೊಂಡಿದ್ದರು. ಸರ್ವರ್ ನೋಡಿಕೊಳ್ಳುವವರು ಬಳಕೆದಾರರ ಮಿತಿಯನ್ನು ಹೆಚ್ಚಿಸಿದ ಮೇಲಷ್ಟೇ ಫೈಲ್ ಮೇಲೇರಿತು. ಏರಿದ್ದೇ ತಡ, ಎಲ್ಲರೂ ಒಟ್ಟಿಗೆ ಡೌನ್‌ಲೋಡ್ ಮಾಡಲು ಮುಗಿಬಿದ್ದರು, ಸರ್ವರ್ ಮಲಗಿಬಿಟ್ಟಿತು. ಆಟದ ಹೆಸರು ‘ಡೂಮ್’.

ಆಟಗಾರನ ಕಣ್ಣೇ ಕ್ಯಾಮೆರಾ ಆಗುವ ಆಟಗಳಿಗೆ ಫಸ್ಟ್ ಪರ್ಸನ್ ಶೂಟರ್, ಚಿಕ್ಕದಾಗಿ ಎಫ್‌ಪಿಎಸ್ ಎಂದು ಹೆಸರು. ಪರದೆಯ ಮೇಲೆ ನಾಯಕ ಕಾಣುವುದಿಲ್ಲ. ಅವನ ಕೈ, ಕೈಯಲ್ಲಿರುವ ಬಂದೂಕು, ಅದರಾಚೆಗೆ ಒಂದು ಲೋಕ, ಇಷ್ಟೇ ಕಾಣುವುದು. ಈ ಆಟಗಳ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ರಕ್ತದ ಬಗ್ಗೆ ಹೇಳುತ್ತಾರೆ, ಇಲ್ಲವೇ ದುಡ್ಡಿನ ಬಗ್ಗೆ. ಎರಡೂ ಈ ಕಥೆಯಲ್ಲಿವೆ. ಆದರೆ ಐವತ್ತು ವರ್ಷಗಳ ಈ ಹಾದಿಯನ್ನು ಉದ್ದಕ್ಕೂ ನೋಡಿದರೆ ನನಗೆ ಎದ್ದು ಕಾಣುವುದು ಬೇರೊಂದು ಸಂಗತಿ. ಇಲ್ಲಿನ ಪ್ರತಿ ದೊಡ್ಡ ಜಿಗಿತದ ಹಿಂದೆ, ತಾನು ಕಂಡುಕೊಂಡ ವಿದ್ಯೆಯನ್ನು ಬಚ್ಚಿಡದೆ ಇನ್ನೊಬ್ಬರ ಕೈಗೆ ದಾಟಿಸಿದವರಿದ್ದಾರೆ.

ಗೆರೆಯ ಗೋಡೆಗಳು

ಕಥೆ ಶುರುವಾಗುವುದು 1973ರಲ್ಲಿ, ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ. ಓದಿನ ಜೊತೆಗೆ ಅಲ್ಲಿ ಕೆಲಸ ಕಲಿಯಲು ಬಂದಿದ್ದ ಸ್ಟೀವ್ ಕೋಲಿ, ಹೋವರ್ಡ್ ಪಾಮರ್, ಗ್ರೆಗ್ ಥಾಮ್ಸನ್ ಎಂಬ ಹುಡುಗರ ಮುಂದೆ ಇಮ್ಲಾಕ್ ಪಿಡಿಎಸ್-1 ಎಂಬ ಕಂಪ್ಯೂಟರ್‌ಗಳಿದ್ದವು. ಆ ಯಂತ್ರದ ಪರದೆ ಬಣ್ಣ ತುಂಬಲಾರದು, ಗೆರೆ ಎಳೆಯಬಲ್ಲದು. ಕೋಲಿ ಆ ಗೆರೆಗಳಿಂದಲೇ ಒಂದು ಚಕ್ರವ್ಯೂಹ ಕಟ್ಟಿದ. ಹತ್ತಿರದ ಗೋಡೆಗೆ ಉದ್ದ ಗೆರೆ, ದೂರದ್ದಕ್ಕೆ ಗಿಡ್ಡ ಗೆರೆ. ಮುಂದಿನ ಗೋಡೆ ಮರೆಮಾಡುವ ಹಿಂದಿನ ಗೆರೆಗಳನ್ನು ಅಳಿಸಿಬಿಟ್ಟರೆ ಓಣಿಯೊಂದು ಕಣ್ಣೆದುರು ನಿಲ್ಲುತ್ತದೆ. ಒಂದು ಸಲಕ್ಕೆ ಒಂದು ಹೆಜ್ಜೆ, ತಿರುಗಿದರೆ ನೇರ ತೊಂಬತ್ತು ಡಿಗ್ರಿ.

ದಾರಿ ಹುಡುಕುವ ಈ ಆಟ ಬೇಗ ಬೇಸರ ತರಿಸಿತು. ಆಗ ಎರಡು ಇಮ್ಲಾಕ್‌ಗಳನ್ನು ಸೀರಿಯಲ್ ಕೇಬಲ್ಲಿನಿಂದ ಜೋಡಿಸಿದರು. ಒಂದೇ ಚಕ್ರವ್ಯೂಹದೊಳಗೆ ಇಬ್ಬರು ಆಟಗಾರರು. ಒಬ್ಬನಿಗೆ ಇನ್ನೊಬ್ಬ ಕಾಣಿಸುತ್ತಿದ್ದದ್ದು ದೊಡ್ಡದೊಂದು ಕಣ್ಣುಗುಡ್ಡೆಯಾಗಿ. ಕಂಡ ಕೂಡಲೇ ಗುಂಡು ಹಾರಿಸುವುದು. ಮೂಲೆಯಿಂದ ಇಣುಕಿ ನೋಡುವ ಸೌಲಭ್ಯವೂ ಸೇರಿಕೊಂಡಿತು. ಮುಂದೆ ಥಾಮ್ಸನ್ ಓದಲು ಎಂಐಟಿಗೆ ಹೋದಾಗ ಆಟವನ್ನೂ ಜೊತೆಗೆ ಒಯ್ದ. ಅಲ್ಲಿ ಡೇವ್ ಲೆಬ್ಲಿಂಗ್ ಅದಕ್ಕೊಂದು ಸರ್ವರ್ ಬರೆದುಕೊಟ್ಟ. ಎಂಟು ಜನ ಒಟ್ಟಿಗೆ ಆಡಬಹುದಾಯಿತು. ಇಂದಿನ ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಮೂಲಕ ದೂರದ ಊರಿನವರೂ ಬಂದು ಸೇರಬಹುದಾಯಿತು. ‘ಮೇಜ್ ವಾರ್’ ಎಂದು ಹೆಸರಾದ ಈ ಆಟಕ್ಕೆ ಬೆಲೆ ಇರಲಿಲ್ಲ, ಅಂಗಡಿ ಇರಲಿಲ್ಲ. ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಅದು ವಿದ್ಯಾರ್ಥಿಗಳ ಜೊತೆ ನಡೆದುಹೋಯಿತು. 1974ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಜಾಲದಲ್ಲಿ ಜಿಮ್ ಬೋವರಿ ಬರೆದ ‘ಸ್ಪಾಸಿಮ್’ ಎಂಬ ಬಾಹ್ಯಾಕಾಶದ ಆಟದಲ್ಲಿ 32 ಜನ ಏಕಕಾಲಕ್ಕೆ ಸೆಣಸಬಹುದಿತ್ತು.

ಜನಸಾಮಾನ್ಯರಿಗೆ ಈ ನೋಟ ಸಿಕ್ಕಿದ್ದು 1980ರಲ್ಲಿ, ಅಟಾರಿ ಕಂಪನಿಯ ‘ಬ್ಯಾಟಲ್‌ಜೋನ್’ ಮೂಲಕ. ಎಡ್ ರಾಟ್‌ಬರ್ಗ್ ರೂಪಿಸಿದ ಈ ಆಟದಲ್ಲಿ ಟ್ಯಾಂಕಿನ ಒಳಗಿನಿಂದ ಹಸಿರು ಗೆರೆಗಳ ಯುದ್ಧಭೂಮಿ ಕಾಣುತ್ತಿತ್ತು. ಅಮೆರಿಕದ ಸೇನೆಗೆ ಇದರಲ್ಲಿ ಆಸಕ್ತಿ ಹುಟ್ಟಿ, ತನ್ನ ಬ್ರಾಡ್ಲಿ ವಾಹನದ ಗುರಿಕಾರರ ತರಬೇತಿಗೆ ಒಗ್ಗುವ ಮಾದರಿಯೊಂದನ್ನು ಮಾಡಿಸಿಕೊಂಡಿತು. ರಾಟ್‌ಬರ್ಗ್‌ಗೆ ಆ ಕೆಲಸ ಇಷ್ಟವಿರಲಿಲ್ಲ. ಆಟಕ್ಕೂ ಸೇನೆಗೂ ನಂಟು ಅಷ್ಟು ಹಳೆಯದು. ಆ ನಂಟಿನ ಬಗೆಗಿನ ಮುಜುಗರವೂ ಅಷ್ಟೇ ಹಳೆಯದು.

ಒಂದೊಂದು ಕಂಬಕ್ಕೆ ಒಂದೊಂದು ಕಿರಣ

ಹತ್ತು ವರ್ಷ ಮುಂದೆ ಬರೋಣ. ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ ಸಾಫ್ಟ್‌ಡಿಸ್ಕ್ ಎಂಬ ಕಂಪನಿ ಚಂದಾದಾರರಿಗೆ ನಿಯತಕಾಲಿಕದಂತೆ ಡಿಸ್ಕಿನಲ್ಲಿ ತಂತ್ರಾಂಶ ಕಳಿಸುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಜಾನ್ ಕಾರ್ಮ್ಯಾಕ್, ಜಾನ್ ರೊಮೆರೊ, ಟಾಮ್ ಹಾಲ್, ಏಡ್ರಿಯನ್ ಕಾರ್ಮ್ಯಾಕ್ ಎಂಬ ನಾಲ್ವರು 1991ರ ಫೆಬ್ರುವರಿಯಲ್ಲಿ ಇಡ್ ಸಾಫ್ಟ್‌ವೇರ್ ಕಟ್ಟಿದರು. ಇಬ್ಬರು ಕಾರ್ಮ್ಯಾಕ್‌ಗಳಿಗೂ ರಕ್ತಸಂಬಂಧವಿಲ್ಲ. ಬಿಟ್ಟುಬಂದ ಕಂಪನಿಗೆ ಒಪ್ಪಂದದ ಪ್ರಕಾರ ಇನ್ನೂ ಕೆಲವು ಆಟ ಮಾಡಿಕೊಡಬೇಕಿತ್ತು. ಆ ಋಣ ತೀರಿಸಲು ಮಾಡಿದ ‘ಹೋವರ್‌ಟ್ಯಾಂಕ್ 3ಡಿ’, ‘ಕ್ಯಾಟಕೂಂಬ್ 3-ಡಿ’ ಆಟಗಳಲ್ಲೇ ಜಾನ್ ಕಾರ್ಮ್ಯಾಕ್ ಮೂರು ಆಯಾಮದ ಲೆಕ್ಕಗಳನ್ನು ಪಳಗಿಸಿಕೊಂಡ. ಬೇರೊಂದು ಕಂಪನಿ ‘ಅಲ್ಟಿಮಾ ಅಂಡರ್‌ವರ್ಲ್ಡ್’ ಎಂಬ ಆಟದಲ್ಲಿ ಗೋಡೆಗಳಿಗೆ ಚಿತ್ರ ಹೊದಿಸುತ್ತಿದೆ ಎಂಬ ಸುದ್ದಿ ರೊಮೆರೊ ಮೂಲಕ ಕಿವಿಗೆ ಬಿದ್ದದ್ದೇ ಅವನಿಗೆ ಸಾಕಾಯಿತು. ಅದನ್ನು ತಾನೂ ಮಾಡಿ ತೋರಿಸಿದ.

1992ರ ಮೇ 5ರಂದು ‘ವುಲ್ಫೆನ್‌ಸ್ಟೈನ್ 3ಡಿ’ ಹೊರಬಂತು. ನಾಜಿಗಳ ಕೋಟೆಯಿಂದ ತಪ್ಪಿಸಿಕೊಳ್ಳುವ ಕಥೆ. ಹೆಸರು 1981ರಲ್ಲಿ ಸೈಲಸ್ ವಾರ್ನರ್ ಮಾಡಿದ ಹಳೆಯ ಆಟದ್ದು. ಅಂದಿನ ಮನೆಯ ಕಂಪ್ಯೂಟರ್ ಎಷ್ಟು ಬಡಕಲು ಎಂದರೆ ನಿಜವಾದ ಮೂರು ಆಯಾಮದ ಲೆಕ್ಕ ಕೊಟ್ಟರೆ ಉಸಿರುಗಟ್ಟಿ ನಿಲ್ಲುತ್ತಿತ್ತು. ಕಾರ್ಮ್ಯಾಕ್ ಹುಡುಕಿಕೊಂಡ ಉಪಾಯ ರೇಕಾಸ್ಟಿಂಗ್. ಆಟದ ಲೋಕವೆಂದರೆ 64 ಮನೆ ಉದ್ದ, 64 ಮನೆ ಅಗಲದ ಒಂದು ಚೌಕಳಿ, ಅಷ್ಟೇ. ಆಟಗಾರ ನಿಂತಲ್ಲಿಂದ, ಪರದೆಯ ಅಡ್ಡಗಲದ ಒಂದೊಂದು ಚುಕ್ಕೆಯ ಪಾಲಿಗೆ ಒಂದೊಂದು ಕಿರಣ ಹೊರಡುತ್ತದೆ. ಕಿರಣ ಯಾವ ಗೋಡೆಗೆ ತಾಗಿತು, ಎಷ್ಟು ದೂರದಲ್ಲಿ ತಾಗಿತು ಎಂದು ಅಳೆಯುವುದು. ದೂರವಾದರೆ ಅಲ್ಲಿ ಗೋಡೆಯ ಗಿಡ್ಡ ಪಟ್ಟಿ, ಹತ್ತಿರವಾದರೆ ಎತ್ತರದ ಪಟ್ಟಿ. ಹೀಗೆ ಎಡದಿಂದ ಬಲಕ್ಕೆ ಪಟ್ಟಿಗಳನ್ನು ನಿಲ್ಲಿಸುತ್ತ ಹೋದರೆ ಒಂದು ದೃಶ್ಯ ಸಿದ್ಧ. ಸೆಕೆಂಡಿಗೆ ಹತ್ತಾರು ಸಲ ಇದೇ ಕೆಲಸ. ಇದಕ್ಕೆ ತೆತ್ತ ಬೆಲೆಯೂ ಇದೆ: ಎಲ್ಲ ಗೋಡೆಗೂ ಒಂದೇ ಎತ್ತರ, ಎಲ್ಲ ಮೂಲೆಯೂ ನೇರ, ನೆಲಕ್ಕೂ ಸೂರಿಗೂ ಬರೀ ಬಣ್ಣ. ಆದರೆ ಓಡುತ್ತ ಹೋದ ಆಟಗಾರನಿಗೆ ಅದ್ಯಾವುದೂ ಕೊರತೆಯೆನಿಸಲಿಲ್ಲ. ಅಂಥ ವೇಗವನ್ನು ಅವನು ಅದುವರೆಗೆ ಕಂಡೇ ಇರಲಿಲ್ಲ.

ಮಾರಾಟದ ದಾರಿಯೂ ಹೊಸದೇ. ಅಪೋಜಿ ಕಂಪನಿಯ ಸ್ಕಾಟ್ ಮಿಲ್ಲರ್ ಬೆಳೆಸಿದ್ದ ಶೇರ್‌ವೇರ್ ಪದ್ಧತಿಯಲ್ಲಿ ಆಟದ ಮೊದಲ ಕಂತು ಉಚಿತ. ಯಾರು ಬೇಕಾದರೂ ಫ್ಲಾಪಿಗೆ ನಕಲು ಮಾಡಿ ಗೆಳೆಯರಿಗೆ ಹಂಚಬಹುದು. ಮುಂದಿನ ಕಂತು ಬೇಕೆಂದವರು ದುಡ್ಡು ಕಳಿಸಬೇಕು. ಅಂಗಡಿಯ ಕಪಾಟಿನಲ್ಲಿ ಜಾಗ ಸಿಗದ ಸಣ್ಣ ಕಂಪನಿಗೆ ಹಂಚುವವರೇ ಏಜೆಂಟರಾದರು.

ಲೋಕ ಬೇರೆ, ಯಂತ್ರ ಬೇರೆ

ಡೂಮ್ ತಯಾರಾದ ಬಗೆ ಇಂದಿನ ನೂರಾರು ಕೋಟಿ ರೂಪಾಯಿಯ ಆಟಗಳ ಕಾಲದಲ್ಲಿ ನಂಬಲು ಕಷ್ಟ. ರಾಕ್ಷಸರಲ್ಲಿ ಕೆಲವರನ್ನು ಏಡ್ರಿಯನ್ ಕಾರ್ಮ್ಯಾಕ್ ಮಣ್ಣಿನಲ್ಲಿ ಮಾಡಿ, ಸುತ್ತ ತಿರುಗಿಸಿ ಕ್ಯಾಮೆರಾದಲ್ಲಿ ಸೆರೆಹಿಡಿದು ಕಂಪ್ಯೂಟರಿಗೆ ತಂದ. ಜಗತ್ತನ್ನೇ ನಡುಗಿಸಿದ ಶಾಟ್‌ಗನ್, ಆಟಿಕೆ ಅಂಗಡಿಯಿಂದ ತಂದ ಮಕ್ಕಳ ಬಂದೂಕಿನ ಚಿತ್ರ. ಗರಗಸ ಮಾತ್ರ ನಿಜವಾದದ್ದು, ಅದೂ ಯಾರಿಂದಲೋ ಕೇಳಿ ತಂದದ್ದು.

ವುಲ್ಫೆನ್‌ಸ್ಟೈನ್‌ನ ನೇರ ಮೂಲೆಗಳು ಇಲ್ಲಿಲ್ಲ. ಗೋಡೆ ಯಾವ ಕೋನದಲ್ಲಾದರೂ ನಿಲ್ಲಬಹುದು, ನೆಲ ಏರಬಹುದು ಇಳಿಯಬಹುದು, ದೀಪ ಮಿನುಗಿ ಕತ್ತಲಾಗಬಹುದು. ಇಷ್ಟನ್ನೂ ಬಡಕಲು ಯಂತ್ರದಲ್ಲಿ ಓಡಿಸಲು ಯಾವ ಗೋಡೆಯನ್ನು ಮೊದಲು ಬಿಡಿಸಬೇಕು, ಯಾವುದನ್ನು ಬಿಡಿಸಲೇಬೇಕಿಲ್ಲ ಎಂಬುದು ತಟ್ಟನೆ ತಿಳಿಯಬೇಕು. ಕಾರ್ಮ್ಯಾಕ್ ಉತ್ತರ ಹುಡುಕಿದ್ದು ಸಂಶೋಧನಾ ಪ್ರಬಂಧಗಳಲ್ಲಿ. 1969ರಲ್ಲಿ ಅಮೆರಿಕದ ವಾಯುಪಡೆಗಾಗಿ ಬರೆದ ವರದಿಯೊಂದರಲ್ಲಿ ಮೊಳೆತು, 1980ರಲ್ಲಿ ಹೆನ್ರಿ ಫ್ಯೂಕ್ಸ್ ಮತ್ತು ಸಂಗಡಿಗರು ಬೆಳೆಸಿ ಪ್ರಕಟಿಸಿದ ವಿಧಾನವೊಂದಿತ್ತು. ಜಾಗವನ್ನು ಒಂದು ಗೆರೆಯಿಂದ ಎರಡು ಪಾಲು ಮಾಡುವುದು, ಒಂದೊಂದು ಪಾಲನ್ನೂ ಮತ್ತೆ ಎರಡು ಮಾಡುವುದು, ಹೀಗೆ ಕೊನೆಯವರೆಗೂ. ಬೈನರಿ ಸ್ಪೇಸ್ ಪಾರ್ಟಿಷನಿಂಗ್ ಎಂದು ಅದರ ಹೆಸರು. ಈ ಪಾಲುಪಟ್ಟಿಯನ್ನು ಆಟ ಶುರುವಾಗುವ ಮುಂಚೆಯೇ ಮಾಡಿಟ್ಟರೆ, ಆಟಗಾರ ಎಲ್ಲಿ ನಿಂತರೂ ಹತ್ತಿರದ್ದರಿಂದ ದೂರಕ್ಕೆ ಸರಿಯಾದ ಕ್ರಮ ಸಿಕ್ಕಿಬಿಡುತ್ತದೆ. ವಿಮಾನ ಹಾರಿಸುವ ತರಬೇತಿಗೆಂದು ಹುಟ್ಟಿ ಗ್ರಂಥಾಲಯ ಸೇರಿದ್ದ ವಿದ್ಯೆ, ಪ್ರಕಟವಾಗಿದ್ದ ಒಂದೇ ಕಾರಣಕ್ಕೆ ಮೆಸ್ಕೀಟ್‌ನ ಹುಡುಗನಿಗೆ ದಕ್ಕಿತು.

ಅವನು ಅದೇ ರೀತಿಯಲ್ಲಿ ಮರಳಿ ಕೊಟ್ಟ. ವುಲ್ಫೆನ್‌ಸ್ಟೈನ್ ಆಡಿದವರಲ್ಲಿ ಕೆಲವರು ಫೈಲುಗಳನ್ನು ಬಗೆದು ತಮ್ಮದೇ ಚಿತ್ರ, ತಮ್ಮದೇ ಸದ್ದು ತುರುಕಿದ್ದರು. ಇಂಥದ್ದನ್ನು ಕಂಡರೆ ಕಂಪನಿಗಳು ವಕೀಲರನ್ನು ಕರೆಯುತ್ತವೆ. ಕಾರ್ಮ್ಯಾಕ್‌ಗೆ ಖುಷಿಯಾಯಿತು. ಡೂಮ್‌ನಲ್ಲಿ ಅವನು ಆಟ ನಡೆಸುವ ಎಂಜಿನ್ ಒಂದು ಕಡೆ, ನಕ್ಷೆ, ಚಿತ್ರ, ಸದ್ದುಗಳೆಲ್ಲ ‘ವ್ಯಾಡ್’ ಎಂಬ ಪ್ರತ್ಯೇಕ ಫೈಲಿನಲ್ಲಿ ಇನ್ನೊಂದು ಕಡೆ ಎಂದು ಬೇರ್ಪಡಿಸಿಟ್ಟ. ಕಂಪನಿ ನಾಟಕದಲ್ಲಿ ರಂಗಸ್ಥಳ ಅದೇ ಇದ್ದು, ಪರದೆ ಬದಲಾದ ಕೂಡಲೇ ಅರಮನೆ ಹೋಗಿ ಕಾಡು ಬರುವಂತೆ, ವ್ಯಾಡ್ ಬದಲಾಯಿಸಿದರೆ ಅದೇ ಎಂಜಿನ್ ಮೇಲೆ ಬೇರೊಂದು ಲೋಕ. ಇದರಿಂದ ವ್ಯಾಪಾರಕ್ಕೆ ಪೆಟ್ಟು ಬಿದ್ದೀತು ಎಂಬ ಅಳುಕು ಕಂಪನಿಯೊಳಗೇ ಇತ್ತು. ಕಾರ್ಮ್ಯಾಕ್ ಜಗ್ಗಲಿಲ್ಲ. ತಂತ್ರಾಂಶದ ಉಪಾಯಗಳಿಗೆ ಪೇಟೆಂಟ್ ಮಾಡಿಸುವುದನ್ನೂ ಅವನು ವಿರೋಧಿಸುತ್ತಲೇ ಬಂದ.

ಆಟ ಬಂದು ಎರಡು ತಿಂಗಳು ತುಂಬುವ ಮುಂಚೆ, 1994ರ ಜನವರಿಯಲ್ಲಿ, ನ್ಯೂಜಿಲೆಂಡಿನ ಬ್ರೆಂಡನ್ ವೈಬರ್ ಇಂಟರ್ನೆಟ್ ಗೆಳೆಯರ ನೆರವಿನಿಂದ ಡೂಮ್ ನಕ್ಷೆ ಬರೆಯುವ ಸಾಧನವನ್ನು ಹಂಚಿದ. ಬೆಲ್ಜಿಯಂನ ರಾಫೆಲ್ ಕೀನೆ ಅದನ್ನು ಮುಂದುವರಿಸಿದ. ಅಲ್ಲಿಂದ ನಕ್ಷೆಗಳ ಸುರಿಮಳೆ. ಹೀಗೆ ಮನೆಯಲ್ಲಿ ಕೂತು ಮಾಡಿದ ನಕ್ಷೆಗಳನ್ನು ಕೊನೆಗೆ ಇಡ್ ಕಂಪನಿಯೇ ದುಡ್ಡು ಕೊಟ್ಟು ತೆಗೆದುಕೊಂಡು 1996ರಲ್ಲಿ ‘ಫೈನಲ್ ಡೂಮ್’ ಎಂದು ಮಾರಿತು.

ರೊಮೆರೊ ‘ಡೆತ್‌ಮ್ಯಾಚ್’ ಎಂದು ಹೆಸರಿಟ್ಟ ನಾಲ್ವರ ಕಾಳಗ ಕಚೇರಿ ಕಾಲೇಜುಗಳ ನೆಟ್‌ವರ್ಕ್‌ಗಳನ್ನು ಹೊಕ್ಕಿತು. ಮೊದಲ ಆವೃತ್ತಿ ಪ್ರತಿ ಸಂದೇಶವನ್ನೂ ಜಾಲದ ಎಲ್ಲ ಕಂಪ್ಯೂಟರ್‌ಗಳಿಗೆ ಸಾರುತ್ತಿದ್ದುದರಿಂದ ಜಾಲವೇ ಕಟ್ಟಿಕೊಳ್ಳುತ್ತಿತ್ತು. ಇಂಟೆಲ್‌ನಂಥ ಕಂಪನಿಯೂ ಕಾರ್ನೆಗಿ ಮೆಲನ್‌ನಂಥ ವಿಶ್ವವಿದ್ಯಾಲಯವೂ ಆಟಕ್ಕೆ ಕಡಿವಾಣ ಹಾಕಬೇಕಾಯಿತು.

1997ರ ಡಿಸೆಂಬರ್ 23ರಂದು ಕಾರ್ಮ್ಯಾಕ್ ಡೂಮ್‌ನ ಸೋರ್ಸ್ ಕೋಡನ್ನೇ ಬಿಡುಗಡೆ ಮಾಡಿದ. ಸದ್ದಿನ ಭಾಗ ಬೇರೊಬ್ಬರ ಸ್ವತ್ತಾದ್ದರಿಂದ ಅದನ್ನು ತೆಗೆದಿದ್ದರು, ಉಳಿದದ್ದೆಲ್ಲ ಇತ್ತು. ಇದು ಪೂರ್ತಿ ನಿಸ್ವಾರ್ಥವೆಂದು ನಾನು ಹೇಳುವುದಿಲ್ಲ. ಎಂಜಿನ್ ಹೊಸದಾಗಿದ್ದಾಗ ಇಡ್ ಅದನ್ನು ಬೇರೆ ಕಂಪನಿಗಳಿಗೆ ದುಬಾರಿ ಬೆಲೆಗೆ ಲೈಸೆನ್ಸ್ ಕೊಟ್ಟು ಗಳಿಸಿತ್ತು. ಆದರೂ ಗಳಿಕೆ ಮುಗಿದ ಮೇಲೆ ಬೀಗ ಹಾಕಿ ಕೂರದೆ ಹಂಚುವ ಪದ್ಧತಿಯನ್ನು ಅದು ಮುಂದೆಯೂ ಪಾಲಿಸಿತು. ಇಡ್‌ನ ಮುಂದಿನ ಆಟಗಳಾದ ‘ಕ್ವೇಕ್’ನ ಕೋಡ್ 1999ರಲ್ಲಿ, ‘ಕ್ವೇಕ್ 3’ರ ಕೋಡ್ 2005ರಲ್ಲಿ ಹೊರಬಂತು.

ಮುನ್ನೂರು ಮಿಲಿಸೆಕೆಂಡಿನ ಸಮಸ್ಯೆ

1996ರ ಜೂನ್ 22ರಂದು ಬಂದ ‘ಕ್ವೇಕ್’ನಲ್ಲಿ ಉಪಾಯದ ಮೂರು ಆಯಾಮ ಹೋಗಿ ನಿಜವಾದ ಮೂರು ಆಯಾಮ ಬಂತು. ಕೋಣೆಯ ಮೇಲೆ ಕೋಣೆ, ತಲೆ ಎತ್ತಿ ನೋಡಿದರೆ ಸೂರು, ಬಹುಭುಜಗಳಿಂದ ಕಟ್ಟಿದ ದೇಹಗಳು. ಮೈಕೆಲ್ ಅಬ್ರಾಶ್ ಎಂಬ ಗ್ರಾಫಿಕ್ಸ್ ತಜ್ಞ ಕಾರ್ಮ್ಯಾಕ್ ಜೊತೆ ಕೂತು ಯಂತ್ರದ ಒಂದೊಂದು ಆದೇಶವನ್ನೂ ತಿದ್ದಿದ. ಕೆಲಸದ ಒತ್ತಡದಲ್ಲಿ ತಂಡ ಒಡೆಯಿತು. ಆಟ ಬಂದ ಕೆಲವೇ ವಾರಗಳಲ್ಲಿ ರೊಮೆರೊ ಹೊರನಡೆದ.

ಕ್ವೇಕ್‌ನ ನಿಜವಾದ ಪರೀಕ್ಷೆ ನಡೆದದ್ದು ಫೋನ್ ತಂತಿಯ ಮೇಲೆ. ಅದು ಮೋಡೆಮ್‌ಗಳ ಕಾಲ. ನೀವು ಕೀ ಒತ್ತುತ್ತೀರಿ, ಅದು ದೂರದ ಸರ್ವರಿಗೆ ಹೋಗುತ್ತದೆ, ಸರ್ವರ್ ಒಪ್ಪಿ ಉತ್ತರ ಕಳಿಸಿದ ಮೇಲೆ ನಿಮ್ಮ ಪರದೆಯಲ್ಲಿ ಹೆಜ್ಜೆ ಮುಂದಿಡುತ್ತದೆ. ಕಚೇರಿಯ ವೇಗದ ಲೈನಿನಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಮನೆಯ ಮೋಡೆಮ್‌ನಲ್ಲಿ ಹೋಗಿಬರಲು ಮುನ್ನೂರು ಮಿಲಿಸೆಕೆಂಡ್ ಹಿಡಿದರೆ, ಆಟಗಾರ ಜಾರುವ ಮಂಜಿನ ಮೇಲೆ ನಿಂತಂತೆ ತತ್ತರಿಸುತ್ತಿದ್ದ. ತಾನು ಹಾಕಿಕೊಂಡ ಲೆಕ್ಕವೇ ಮನೆಯ ಆಟಗಾರನಿಗೆ ಒಗ್ಗುವಂಥದ್ದಲ್ಲ ಎಂದು ಕಾರ್ಮ್ಯಾಕ್ 1996ರ ಆಗಸ್ಟಿನಲ್ಲಿ, ಎಲ್ಲರೂ ಓದುತ್ತಿದ್ದ ತನ್ನ ಕೆಲಸದ ಟಿಪ್ಪಣಿಯಲ್ಲಿ ಬರೆದುಕೊಂಡ. ಆ ವರ್ಷದ ಕೊನೆಗೆ ‘ಕ್ವೇಕ್‌ವರ್ಲ್ಡ್’ ಬಂತು. ಸರ್ವರಿನ ಉತ್ತರಕ್ಕೆ ಕಾಯದೆ, ಅದು ಏನು ಹೇಳಬಹುದೆಂದು ನಿಮ್ಮ ಕಂಪ್ಯೂಟರೇ ಊಹಿಸಿ ಹೆಜ್ಜೆಯನ್ನು ಕೂಡಲೇ ತೋರಿಸುವುದು. ಉತ್ತರ ಬಂದಾಗ ವ್ಯತ್ಯಾಸವಿದ್ದರೆ ತಿದ್ದುವುದು. ಇಂದು ದೂರದ ಸರ್ವರಿನಲ್ಲಿ ಆಡುವ ಶೂಟರ್‌ಗಳೆಲ್ಲ ಈ ಊಹೆಯ ಮೇಲೇ ನಿಂತಿವೆ.

ಕ್ವೇಕ್ ಆಡಲೆಂದೇ ಜನ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಕೊಂಡರು. ಗ್ರಾಫಿಕ್ಸ್ ಕಾರ್ಡಿನ ಉದ್ಯಮಕ್ಕೆ ಅದೊಂದು ದೊಡ್ಡ ತಳ್ಳು. ಇಂದು ಕೃತಕ ಬುದ್ಧಿಮತ್ತೆಯನ್ನು ಓಡಿಸುವ ಚಿಪ್‌ಗಳ ವಂಶವೃಕ್ಷದಲ್ಲಿ ಈ ಗೇಮ್ ಕಾರ್ಡ್‌ಗಳೂ ಇವೆ. 1997ರಲ್ಲಿ ‘ರೆಡ್ ಅನೈಹಿಲೇಷನ್’ ಎಂಬ ಕ್ವೇಕ್ ಪಂದ್ಯಾವಳಿ ನಡೆದು, ಗೆದ್ದ ಡೆನಿಸ್ ಫಾಂಗ್‌ಗೆ ಕಾರ್ಮ್ಯಾಕ್ ತನ್ನ ಕೆಂಪು ಫೆರಾರಿ ಕಾರನ್ನೇ ಬಹುಮಾನವಾಗಿ ಕೊಟ್ಟ. ಆಟ ಆಡಿ ಹೊಟ್ಟೆ ಹೊರೆಯಬಹುದು ಎಂಬ ಮಾತಿಗೆ ಅಂದು ಮೊದಲ ಬಾರಿಗೆ ತೂಕ ಬಂತು.

ವಿದ್ಯಾರ್ಥಿಯ ಕೋಣೆಯಿಂದ ಸೈಬರ್ ಕೆಫೆಗೆ

ಮೈಕ್ರೋಸಾಫ್ಟ್ ಬಿಟ್ಟುಬಂದ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ 1996ರಲ್ಲಿ ವಾಲ್ವ್ ಕಂಪನಿ ಕಟ್ಟಿ, ಹಳೆಯ ಸಹೋದ್ಯೋಗಿ ಅಬ್ರಾಶ್ ನೆರವಿನಿಂದ ಕ್ವೇಕ್ ಎಂಜಿನ್ನಿನ ಲೈಸೆನ್ಸ್ ಪಡೆದರು. ಅದರ ಮೇಲೆ ಕಟ್ಟಿದ ‘ಹಾಫ್-ಲೈಫ್’ 1998ರ ನವೆಂಬರಿನಲ್ಲಿ ಬಂತು. ಮೊದಲ ಕೆಲವು ನಿಮಿಷ ಆಟಗಾರ ಒಂದೂ ಗುಂಡು ಹಾರಿಸುವುದಿಲ್ಲ. ಗಾರ್ಡನ್ ಫ್ರೀಮನ್ ಎಂಬ ವಿಜ್ಞಾನಿಯಾಗಿ, ನೆಲದಡಿಯ ಪ್ರಯೋಗಾಲಯದೊಳಗೆ ಟ್ರ್ಯಾಮ್‌ನಲ್ಲಿ ಕೂತು ಕೆಲಸಕ್ಕೆ ಹೋಗುತ್ತಾನೆ. ಕಥೆ ಹೇಳಲು ನಡುವೆ ಸಿನಿಮಾ ತುಣುಕು ಬರುವುದಿಲ್ಲ. ನಡೆಯುವುದೆಲ್ಲ ಅವನ ಕಣ್ಣೆದುರೇ ನಡೆಯುತ್ತದೆ. ಗುಂಡಿನಾಟದಲ್ಲಿ ಕಾದಂಬರಿಯ ಗುಣ ಸಾಧ್ಯ ಎಂದು ತೋರಿಸಿಕೊಟ್ಟ ಆಟ ಅದು.

ಕ್ವೇಕ್ ಮೇಲೆ ‘ಟೀಮ್ ಫೋರ್ಟ್ರೆಸ್’ ಎಂಬ ಮಾಡ್ (ಇದ್ದ ಆಟವನ್ನೇ ಮಾರ್ಪಡಿಸಿ ಮಾಡಿದ ಹೊಸ ಆಟ) ಬರೆದಿದ್ದ ಆಸ್ಟ್ರೇಲಿಯಾದ ಹುಡುಗರನ್ನು ವಾಲ್ವ್ ಕೆಲಸಕ್ಕೆ ಕರೆದುಕೊಂಡಿತು. ಕ್ವೇಕ್‌ಗೆ ನಕ್ಷೆ ಬರೆಯುವ ಸಾಧನ ಮಾಡಿದ್ದ ಬೆನ್ ಮಾರಿಸ್‌ನನ್ನೂ ಕರೆದುಕೊಂಡು, ಅವನ ಸಾಧನವನ್ನು ಹಾಫ್-ಲೈಫ್ ಜೊತೆಗೇ ಜನರಿಗೆ ಕೊಟ್ಟಿತು. ಕೆನಡಾದಲ್ಲಿ ಓದುತ್ತಿದ್ದ ವಿಯೆಟ್ನಾಂ ಮೂಲದ ಮಿನ್ ಲೆ ಮತ್ತು ಅಮೆರಿಕದ ಜೆಸ್ ಕ್ಲಿಫ್ ಇಂಥ ಸಾಧನಗಳನ್ನು ಹಿಡಿದು, 1999ರ ಜೂನ್‌ನಲ್ಲಿ ಹಾಫ್-ಲೈಫ್‌ನ ಮಾಡ್ ಒಂದನ್ನು ಉಚಿತವಾಗಿ ಹಂಚಿದರು. ಹೆಸರು ‘ಕೌಂಟರ್-ಸ್ಟ್ರೈಕ್’.

ಅದರ ನಿಯಮಗಳು ಸರಳ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಸತ್ತವನು ಆ ಸುತ್ತು ಮುಗಿಯುವವರೆಗೆ ಕಾಯಬೇಕು. ಗೆದ್ದರೆ ಹಣ, ಹಣವಿದ್ದರೆ ಒಳ್ಳೆಯ ಬಂದೂಕು. ಇಲ್ಲದಿದ್ದರೆ ಈ ಸುತ್ತು ಪಿಸ್ತೂಲಿನಲ್ಲೇ ಕಳೆದು ಮುಂದಿನ ಸುತ್ತಿಗೆ ಉಳಿಸಬೇಕು. ಜೀವಕ್ಕೆ ಬೆಲೆ ಬಂದ ಕೂಡಲೇ ಅವಸರದ ಆಟ ಎಚ್ಚರದ ಆಟವಾಯಿತು. ಅದರ ಹೆಸರಾಂತ ನಕ್ಷೆಗಳಾದ ‘ಡಸ್ಟ್’ ಮತ್ತು ‘ಡಸ್ಟ್ 2’ ಬರೆದವನು ಇಂಗ್ಲೆಂಡಿನ ಹದಿಹರೆಯದ ಡೇವ್ ಜಾನ್‌ಸ್ಟನ್. 2000ದ ನವೆಂಬರಿನಲ್ಲಿ ವಾಲ್ವ್ ಆಟವನ್ನು ತನ್ನದಾಗಿಸಿಕೊಂಡು ಮಾರುಕಟ್ಟೆಗೆ ತಂದಿತು, ಮಿನ್ ಲೆ ಮತ್ತು ಕ್ಲಿಫ್‌ಗೆ ಕೆಲಸವನ್ನೂ ಕೊಟ್ಟಿತು.

ನಮ್ಮ ನಾಡಿನ ಒಂದು ತಲೆಮಾರಿಗೆ ಎಫ್‌ಪಿಎಸ್ ಎಂದರೆ ಇದೇ ಆಟ. ಅದಕ್ಕೂ ಮುಂಚೆ ಮನೆಯ ಪಿ.ಸಿ.ಗಳಲ್ಲಿ ‘ಪ್ರಾಜೆಕ್ಟ್ ಐಜಿಐ’ ಇತ್ತು. ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ 2000ದಲ್ಲಿ ತಂದ ಆಟ. ವಿಮಾನದ ಆಟಕ್ಕೆಂದು ಬರೆದಿದ್ದ ಎಂಜಿನ್ ಬಳಸಿದ್ದರಿಂದ ಅದರಲ್ಲಿ ಕಣ್ಣು ಹಾಯುವಷ್ಟು ಬಯಲು, ಬೆಟ್ಟ. ಮಿಷನ್ ನಡುವೆ ಸೇವ್ ಮಾಡುವಂತಿಲ್ಲ; ಕೊನೆಯ ಹೆಜ್ಜೆಯಲ್ಲಿ ಸತ್ತರೂ ಮೊದಲಿನಿಂದ ಶುರು. ಬೇರೆ ದೇಶಗಳು ಬೇಗ ಮರೆತ ಈ ಆಟವನ್ನು ಭಾರತದ ಹುಡುಗರು ವರ್ಷಗಟ್ಟಲೆ ಆಡಿದರು. ಸಿ.ಡಿ. ಕೈಯಿಂದ ಕೈಗೆ ನಕಲಾಗುತ್ತ ಊರೂರು ತಿರುಗಿತು.

ಕೌಂಟರ್-ಸ್ಟ್ರೈಕ್ 1.6 ಬಂದ ಮೇಲೆ ಆಟ ಮನೆಯಿಂದ ಸೈಬರ್ ಕೆಫೆಗೆ ಬಂತು. ಬೆಂಗಳೂರಿನ ಜಯನಗರ, ಮಲ್ಲೇಶ್ವರದ ಕೆಫೆಗಳಲ್ಲಿ, ಸುರತ್ಕಲ್, ಹುಬ್ಬಳ್ಳಿ, ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಅದು ‘ಸಿ.ಎಸ್.’ ಆಯಿತು. ಮನೆಗಳಿಗೆ ಬ್ರಾಡ್‌ಬ್ಯಾಂಡ್ ಇನ್ನೂ ಸರಿಯಾಗಿ ಬಂದಿರಲಿಲ್ಲ, ದೂರದ ಸರ್ವರಿಗೆ ಹೋದರೆ ಪಿಂಗ್, ಅಂದರೆ ಸಂದೇಶ ಹೋಗಿಬರುವ ಸಮಯ, ಏರಿ ಆಟ ಕೆಡುತ್ತಿತ್ತು. ಹಾಗಾಗಿ ಒಂದೇ ಕೋಣೆಯ ಲ್ಯಾನ್‌ನಲ್ಲಿ, ಎದುರಾಳಿಯ ಬೆನ್ನಿಗೆ ಬೆನ್ನು ತಾಗಿಸಿ ಕೂತು ಆಡುವುದು. “ಲೋ ಮಗಾ, ಬಿ ಸೈಟಲ್ಲಿ ಇಬ್ರು ಅವ್ರೆ, ಟನಲ್ ಕಡೆಯಿಂದ ಬಾರೋ” ಎಂಬ ಕೂಗು ಆ ಕೋಣೆಗಳಲ್ಲಿ ಕೇಳಿಬರುತ್ತಿತ್ತು. ಆ ಹುಡುಗರಲ್ಲಿ ಅನೇಕರು ಐಪಿ ವಿಳಾಸ, ಪೋರ್ಟ್, ಗ್ರಾಫಿಕ್ಸ್ ಕಾರ್ಡ್, ಡ್ರೈವರ್ ಎಂಬ ಮಾತುಗಳನ್ನು ತರಗತಿಗಿಂತ ಮುಂಚೆ ಅಲ್ಲಿ ಕಲಿತರು. ಸರ್ವರ್ ಹಾಕುವುದನ್ನು ಯಾರೋ ಸೀನಿಯರ್ ಹೇಳಿಕೊಟ್ಟಿರುತ್ತಿದ್ದ. ಕಲಿತವನು ಜೂನಿಯರ್‌ಗೆ ಹೇಳಿಕೊಡುತ್ತಿದ್ದ.

ಸೋಫಾ, ಸೇನೆ, ನ್ಯಾಯಾಲಯ

ಇತ್ತ ಟಿ.ವಿ.ಗೆ ಜೋಡಿಸುವ ಕನ್ಸೋಲ್‌ಗಳಲ್ಲೂ ಈ ಆಟ ಬೇರೂರಿತು. ಇಂಗ್ಲೆಂಡಿನ ರೇರ್ ಕಂಪನಿ 1997ರಲ್ಲಿ ನಿಂಟೆಂಡೊ 64ಕ್ಕೆ ತಂದ ‘ಗೋಲ್ಡನ್‌ಐ 007’ ನಾಲ್ವರನ್ನು ಒಂದೇ ಸೋಫಾದ ಮೇಲೆ ಕೂರಿಸಿತು. 2001ರ ‘ಹೇಲೊ’ ಎರಡು ಪುಟ್ಟ ಕಡ್ಡಿಗಳ ಕಂಟ್ರೋಲರಿನಲ್ಲಿ ನಡೆಯುವುದನ್ನೂ ಗುರಿಯಿಡುವುದನ್ನೂ ಹದಕ್ಕೆ ತಂದಿತು. 2003ರಲ್ಲಿ ಎರಡನೇ ಮಹಾಯುದ್ಧದ ಕಥೆಯೊಂದಿಗೆ ಬಂದ ‘ಕಾಲ್ ಆಫ್ ಡ್ಯೂಟಿ’, 2007ರಲ್ಲಿ ಇಂದಿನ ಕಾಲದ ಯುದ್ಧಕ್ಕೆ ಹೊರಳಿ, ಆಡಿದಷ್ಟೂ ಹೊಸ ಆಯುಧ ತೆರೆದುಕೊಳ್ಳುವ ಏಣಿಯನ್ನು ಇಟ್ಟಿತು. ಆ ಏಣಿ ಆಟಗಾರನನ್ನು ಹಿಡಿದಿಡುವ ಸಾಧನವಾಗಿ ಇಡೀ ಉದ್ಯಮಕ್ಕೆ ಹಬ್ಬಿತು.

ಸೇನೆಯೂ ಹಿಂದೆ ಬೀಳಲಿಲ್ಲ. ಅಮೆರಿಕದ ಮರೀನ್ ಪಡೆ ಡೂಮ್ 2ನ್ನು ಮಾರ್ಪಡಿಸಿ ತನ್ನ ಸೈನಿಕರ ತಂಡಕೆಲಸದ ಅಭ್ಯಾಸಕ್ಕೆ ಬಳಸಿತು. 2002ರ ಜುಲೈ 4ರಂದು ಅಮೆರಿಕದ ಸೇನೆ ‘ಅಮೆರಿಕಾಸ್ ಆರ್ಮಿ’ ಎಂಬ ಶೂಟರ್ ಆಟವನ್ನು ಉಚಿತವಾಗಿ ಹಂಚಿತು. ಉದ್ದೇಶ ನೇರ: ಯುವಕರನ್ನು ಸೇನೆಗೆ ಸೆಳೆಯುವುದು. ಆಟದ ಬಂದೂಕನ್ನು ನೇಮಕಾತಿಯ ಮೇಜಿಗೆ ತಂದ ಆ ನಡೆಯನ್ನು ನಾನು ಒಪ್ಪಲಾರೆ. ಆಟದಲ್ಲಿ ಸತ್ತವನು ಮುಂದಿನ ಸುತ್ತಿಗೆ ಏಳುತ್ತಾನೆ. ನೇಮಕವಾದವನಿಗೆ ಮುಂದಿನ ಸುತ್ತಿಲ್ಲ.

ಹಿಂಸೆಯ ಪ್ರಶ್ನೆಯನ್ನು ತಳ್ಳಿಹಾಕಿ ಈ ಇತಿಹಾಸ ಬರೆಯಲಾಗದು. 1999ರ ಏಪ್ರಿಲ್ 20ರಂದು ಕೊಲೊರಾಡೊದ ಕೊಲಂಬೈನ್ ಶಾಲೆಯಲ್ಲಿ ಸಹಪಾಠಿಗಳನ್ನೂ ಶಿಕ್ಷಕರೊಬ್ಬರನ್ನೂ ಕೊಂದ ಇಬ್ಬರು ಹುಡುಗರು ಡೂಮ್ ಆಡುತ್ತಿದ್ದವರು. ದುಃಖದಲ್ಲಿದ್ದ ಸಮಾಜ ಆಟದತ್ತ ಬೆರಳು ತೋರಿದ್ದು ಸಹಜ. ಆ ಹೊತ್ತಿಗೆ, 1993ರ ವಿಚಾರಣೆಯ ಒತ್ತಡದಿಂದ ಆಟಗಳಿಗೆ ವಯಸ್ಸಿನ ದರ್ಜೆ ಕೊಡುವ ಇಎಸ್‌ಆರ್‌ಬಿ ಮಂಡಳಿ 1994ರಲ್ಲೇ ಹುಟ್ಟಿತ್ತು. ಮುಂದೆ ಕ್ಯಾಲಿಫೋರ್ನಿಯಾ ಮಕ್ಕಳಿಗೆ ಹಿಂಸೆಯ ಆಟ ಮಾರುವುದನ್ನು ಕಾನೂನಿನಿಂದ ತಡೆಯಲು ಹೋದಾಗ, 2011ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ಪುಸ್ತಕ, ಸಿನಿಮಾಗಳಿಗಿರುವ ಅಭಿವ್ಯಕ್ತಿಯ ರಕ್ಷಣೆ ಆಟಕ್ಕೂ ಇದೆ, ಆಟ ಹಿಂಸೆಯನ್ನು ಹುಟ್ಟಿಸುತ್ತದೆ ಎಂದು ಮುಂದಿಟ್ಟ ಅಧ್ಯಯನಗಳು ಅದನ್ನು ಸಾಬೀತು ಮಾಡುವುದಿಲ್ಲ ಎಂದಿತು. ತೀರ್ಪು ಸರಿ ಎಂದೇ ನಾನು ತಿಳಿದಿದ್ದೇನೆ. ಹಾಗೆಂದು ಹತ್ತು ವರ್ಷದ ಮಗುವಿನ ಕೈಗೆ ಏನು ಕೊಡಬೇಕೆಂಬ ಮನೆಯವರ ಹೊಣೆ ಇದರಿಂದ ಕಳಚುವುದಿಲ್ಲ.

ಮುಚ್ಚುತ್ತಿರುವ ಬಾಗಿಲು

ಹತ್ತು ವರ್ಷಗಳಿಂದೀಚೆಗೆ ಆಟ ಫೋನಿಗೆ ಇಳಿದಿದೆ. ಆ ಹಾದಿಯಲ್ಲೂ ಮಾಡ್‌ಗಳಿವೆ. ‘ಆರ್ಮಾ 2’ ಎಂಬ ಆಟಕ್ಕೆ ನ್ಯೂಜಿಲೆಂಡಿನ ಡೀನ್ ಹಾಲ್ ‘ಡೇಜೀ’ ಎಂಬ ಮಾಡ್ ಬರೆದ. ಆ ಮಾಡ್‌ಗೆ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಇನ್ನೊಂದು ಮಾಡ್ ಬರೆದ. ಕೊನೆಗೆ ಉಳಿದವನೇ ಗೆದ್ದವನು ಎಂಬ ಆ ಆಟ 2017ರಲ್ಲಿ ಪಬ್ಜಿ ಆಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗಿದ್ದ ನಮ್ಮಲ್ಲಿ, 2018ರಲ್ಲಿ ಬಂದ ಪಬ್ಜಿ ಮೊಬೈಲ್ ಹಳ್ಳಿಯ ಅರಳಿಕಟ್ಟೆಗೂ ಮುಟ್ಟಿತು. ಅದು ಹೆಚ್ಚಾಗಿ ಪಾತ್ರದ ಬೆನ್ನ ಹಿಂದಿನಿಂದ ನೋಡಿ ಆಡುವ ಆಟ. ಕಣ್ಣಿನ ನೋಟವೂ ಅದರಲ್ಲಿದೆ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಅದನ್ನು ನಿಷೇಧಿಸಿದಾಗ ಲಕ್ಷಾಂತರ ಫೋನುಗಳಲ್ಲಿದ್ದ ಆಟ ಅಕ್ಟೋಬರ್ ಕೊನೆಗೆ ಸ್ತಬ್ಧವಾಯಿತು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ನಿಷೇಧದ ಸರಿತಪ್ಪು ಬೇರೆ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು, ಫೋನಿನಲ್ಲಿದ್ದ ಆಟ ಆಡುವವನ ಸ್ವತ್ತಾಗಿರಲಿಲ್ಲ ಎಂಬುದು. ದೂರದಲ್ಲಿ ಯಾರೋ ಸ್ವಿಚ್ ಆರಿಸಿದರೆ ಅದು ಇಲ್ಲವಾಗುತ್ತದೆ.

ಇದರ ತುದಿಯನ್ನು 2024ರಲ್ಲಿ ಕಂಡೆವು. ಸೋನಿ ಕಂಪನಿಯ ‘ಕಾಂಕಾರ್ಡ್’ ಎಂಬ ಎಫ್‌ಪಿಎಸ್ ವರ್ಷಗಳ ದುಡಿಮೆಯ ನಂತರ ಆಗಸ್ಟ್ 23ರಂದು ಬಿಡುಗಡೆಯಾಯಿತು. ಆಡುವವರು ಸಾಕಷ್ಟು ಬರಲಿಲ್ಲ. ಸೆಪ್ಟೆಂಬರ್ 6ರಂದು ಸರ್ವರ್ ಮುಚ್ಚಿ ಕೊಂಡವರಿಗೆ ಹಣ ವಾಪಸ್ ಕೊಟ್ಟರು. ಎರಡು ವಾರ. ಅದನ್ನು ಚಿತ್ರಿಸಿದ, ಬರೆದ, ಸದ್ದು ಕೂಡಿಸಿದ ಕಲಾವಿದರ ಕೆಲಸವನ್ನು ಇಂದು ಯಾರೂ ಅಂಗಡಿಯಿಂದ ಕೊಂಡು ನೋಡುವಂತಿಲ್ಲ.

ಅದೇ ಹೊತ್ತಿನಲ್ಲಿ ಡೂಮ್ ಎಲ್ಲೆಡೆ ಓಡುತ್ತಿದೆ. 2014ರಲ್ಲಿ ಭದ್ರತಾ ಸಂಶೋಧಕರೊಬ್ಬರು ಪ್ರಿಂಟರಿನ ಪುಟ್ಟ ಪರದೆಯಲ್ಲಿ ಅದನ್ನು ಓಡಿಸಿ, ಆ ಯಂತ್ರಕ್ಕೆ ಎಷ್ಟು ಸುಲಭವಾಗಿ ನುಗ್ಗಬಹುದೆಂದು ತೋರಿಸಿದರು. 2019ರಲ್ಲಿ ರೊಮೆರೊ ತಾನೇ ‘ಸಿಜಿಲ್’ ಎಂಬ ಹೊಸ ನಕ್ಷೆಗಳ ಗುಚ್ಛವನ್ನು ಡೂಮ್‌ಗೆ ಬರೆದು ಉಚಿತವಾಗಿ ಹಂಚಿದ. 2023ರ ಡಿಸೆಂಬರ್ 10ರಂದು, ಆಟಕ್ಕೆ ಮೂವತ್ತು ತುಂಬಿದ ದಿನ, ಎರಡನೆಯ ಗುಚ್ಛ ಕೊಟ್ಟ. ಹೊಸ ಆಟಕ್ಕಿಂತ ಮೂವತ್ತು ವರ್ಷದ ಹಳೆಯ ಆಟ ಗಟ್ಟಿಯಾಗಿರಲು ಕಾರಣ ಅದರ ತಂತ್ರದ ಹೆಚ್ಚುಗಾರಿಕೆಯಲ್ಲ. ಅದರ ಕೋಡ್ ಎಲ್ಲರ ಬಳಿಯೂ ಇದೆ. ಅದನ್ನು ಅಳಿಸಬಲ್ಲ ಸ್ವಿಚ್ ಯಾರ ಕೈಯಲ್ಲೂ ಇಲ್ಲ.

ಮೈಸೂರಿನ ಅಥವಾ ಕಲಬುರಗಿಯ ಒಬ್ಬ ವಿದ್ಯಾರ್ಥಿನಿ ಇಂದು ಆ ಕೋಡನ್ನು ಬಿಟ್ಟಿಯಾಗಿ ಇಳಿಸಿಕೊಂಡು, ಒಂದು ಸಾಲು ಬದಲಾಯಿಸಿ, ಪರಿಣಾಮವೇನೆಂದು ಸಂಜೆಯೊಳಗೆ ನೋಡಬಹುದು. ಈಗಿನ ಹೆಸರಾಂತ ಆಟಗಳಲ್ಲಿ ಎಷ್ಟರ ಕೋಡನ್ನು ಅವಳು ಹಾಗೆ ನೋಡಬಲ್ಲಳು? ಗಳಿಕೆ ಮುಗಿದ ಆಟದ ಕೋಡನ್ನು ಬಿಡುಗಡೆ ಮಾಡುವುದು, ಸರ್ವರ್ ಮುಚ್ಚುವ ಮುಂಚೆ ಆಟಗಾರರೇ ಸ್ವಂತ ಸರ್ವರ್ ನಡೆಸಲು ದಾರಿ ಬಿಟ್ಟುಕೊಡುವುದು ಉದ್ಯಮಕ್ಕೆ ನಷ್ಟದ ಮಾತಲ್ಲ. ಮಿನ್ ಲೆ, ಬೆನ್ ಮಾರಿಸ್, ಬ್ರೆಂಡನ್ ಗ್ರೀನ್ ಎಲ್ಲರೂ ಬಂದದ್ದು ಇಂಥ ತೆರೆದ ಬಾಗಿಲಿನಿಂದಲೇ; ಅವರ ಕೆಲಸದ ಮೇಲೆ ಈ ಉದ್ಯಮ ಸಾವಿರಾರು ಕೋಟಿ ಗಳಿಸಿದೆ. ಈಗ ಆಟ ಕಟ್ಟುತ್ತಿರುವ ನಮ್ಮ ಬೆಂಗಳೂರಿನ ಕಂಪನಿಗಳಿಗೂ ಈ ಪಾಠ ಸಲ್ಲುತ್ತದೆ. ಬಾಗಿಲು ತೆರೆದಿಟ್ಟರೆ ಮುಂದಿನ ದೊಡ್ಡ ಆಟವನ್ನು ಬರೆಯುವವರು ತಾವಾಗಿಯೇ ಒಳಗೆ ಬರುತ್ತಾರೆ.